ಮೂಗರ್ಜಿ ಮತ್ತು ನೆರೆಹೊರೆಯ ಧರ್ಮ: ನಿವೃತ್ತರ ವಸತಿಗಳ ನಿಯಮಪಾಲನೆಯ ಒಂದು ವಿಮರ್ಶೆ

ಸಹಿಯಿಲ್ಲದ, ವಿಳಾಸವಿಲ್ಲದ ದೂರಿಗೆ ಕನ್ನಡದಲ್ಲಿ ‘ಮೂಗರ್ಜಿ’ ಎಂಬ ಹೆಸರು ರೂಢಿಯಲ್ಲಿದೆ. ಮೂಗನ ಅರ್ಜಿ ಎಂಬ ಭಾವ ಆ ಪದದೊಳಗೇ ಇದೆ. ಆದರೆ ಅದನ್ನು ಬರೆಯುವವನು ನಿಜವಾದ ಮೂಗನಲ್ಲ. ಮಾತು ಬಲ್ಲವನು, ಬರಹ ಬಲ್ಲವನು, ನೆರೆಮನೆಯ ಹೊಸ್ತಿಲು ಎಷ್ಟು ಹೆಜ್ಜೆ ದೂರದಲ್ಲಿದೆ ಎಂಬುದನ್ನೂ ಬಲ್ಲವನು. ಆ ಕೆಲವು ಹೆಜ್ಜೆಗಳನ್ನು ಇಡಲಾರದೆ, ಅಥವಾ ಇಡಲೊಲ್ಲದೆ, ಅವನು ಲೇಖನಿಯನ್ನು ಹಿಡಿಯುತ್ತಾನೆ. ಕಚೇರಿಗಳಲ್ಲಿ ಬಹುಕಾಲದಿಂದ ಪರಿಚಿತವಾದ ಈ ಅರ್ಜಿ ಈಗ ಗೃಹಸಂಘಗಳಿಗೆ, ಅಪಾರ್ಟ್‌ಮೆಂಟುಗಳಿಗೆ, ಹಿರಿಯರಿಗಾಗಿಯೇ ನಿರ್ಮಿತವಾದ ವಸತಿ ಸಮುಚ್ಚಯಗಳಿಗೆ, ಧಾರ್ಮಿಕ ಟ್ರಸ್ಟುಗಳ ವೃದ್ಧಾಶ್ರಮಗಳಿಗೆ ಪ್ರವೇಶಿಸಿದೆ. ಅಲ್ಲಿ ಅದು ಮಾಡುವ ಕೆಲಸವೇನು, ಅದನ್ನು ಸ್ವೀಕರಿಸುವ ಆಡಳಿತ ಮಂಡಳಿಯ ಹೊಣೆಯೇನು ಎಂಬುದು ವಿಚಾರಣೀಯವಾಗಿದೆ.

ಬ್ಲಫ್‌ನ ಮನೆಯೂ ನಿವೃತ್ತಿಯ ಮನೆಯೂ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿ, ಶಿವನಸಮುದ್ರದ ಗಗನಚುಕ್ಕಿ ಜಲಪಾತದ ಸಮೀಪದಲ್ಲಿ ಬ್ಲಫ್ ಎಂಬ ಸ್ಥಳವಿದೆ. ಕಡಿದಾದ ದಿಬ್ಬ ಎಂಬ ಅರ್ಥವುಳ್ಳ ಆಂಗ್ಲ ಪದವೇ ಊರಿನ ಹೆಸರಾಗಿ ನಿಂತಿದೆ. ದಿವಾನ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಜಲವಿದ್ಯುತ್ ಯೋಜನೆ 1902ರಲ್ಲಿ ಇಲ್ಲಿ ಕಾರ್ಯಾರಂಭ ಮಾಡಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳು ಬೆಳಗಿದುದೂ ಇದೇ ವಿದ್ಯುತ್ತಿನಿಂದ. ಕಣಿವೆಯ ತಳದಲ್ಲಿ ವಿದ್ಯುದಾಗಾರ, ದಿಬ್ಬದ ಮೇಲೆ ನೌಕರರ ವಸತಿ. ಈ ಕ್ರಮದಲ್ಲಿ ಬೆಳೆದ ಊರು ಅದು.

ಇಂತಹ ನೌಕರವಸತಿಗಳಲ್ಲಿ ಮನೆಯೂ ನಿಯಮವೂ ಉದ್ಯೋಗದ ಜೊತೆಗೆ ಬರುತ್ತವೆ. ಒಳಬಾಡಿಗೆಗೆ ಕೊಡಬಾರದು, ಅನುಮತಿಯಿಲ್ಲದೆ ಹೊಸ ಗೋಡೆ ಎಬ್ಬಿಸಬಾರದು, ಸೇವಾವಧಿ ಮುಗಿದ ಮೇಲೆ ನಿಗದಿತ ಕಾಲದಲ್ಲಿ ಕೀಲಿಕೈ ಒಪ್ಪಿಸಬೇಕು ಎಂಬಂತಹ ನಿಯಮಗಳು ಸರ್ಕಾರದ ಮತ್ತು ನಿಗಮಗಳ ಎಲ್ಲ ವಸತಿಗೃಹಗಳಲ್ಲಿ ಸಾಮಾನ್ಯ. ಅಲ್ಲಿಯೂ ಮನಸ್ತಾಪಗಳಿರುತ್ತವೆ, ಮೂಗರ್ಜಿಗಳೂ ಹುಟ್ಟುತ್ತವೆ. ಆದರೆ ಅಲ್ಲಿಯ ಕಲಹಕ್ಕೆ ಒಂದು ಸಹಜವಾದ ಕೊನೆಯಿದೆ. ಇಂದು ನೀರಿನ ವಿಷಯಕ್ಕೆ ಜಗಳವಾಡಿದ ಇಬ್ಬರಲ್ಲಿ ಒಬ್ಬರಿಗೆ ನಾಳೆ ವರ್ಗಾವಣೆಯಾಗುತ್ತದೆ, ಇನ್ನೊಬ್ಬರಿಗೆ ನಿವೃತ್ತಿಯಾಗುತ್ತದೆ. ಮನೆ ಬದಲಾದಾಗ ಕಲಹವೂ ಬಿಟ್ಟುಹೋಗುತ್ತದೆ.

ನಿವೃತ್ತರ ವಸತಿಗೆ ಈ ಅನುಕೂಲವಿಲ್ಲ. ಮೂವತ್ತು ವರ್ಷ ಸೇವೆ ಸಲ್ಲಿಸಿ, ಭವಿಷ್ಯನಿಧಿಯ ಹಣವನ್ನೆಲ್ಲ ಕೂಡಿಸಿ, ಮಕ್ಕಳ ಅಭಿಪ್ರಾಯ ಕೇಳಿ, ಪತಿಪತ್ನಿಯರು ಕೊಳ್ಳುವ ಆ ಮನೆ ಬಹುಮಟ್ಟಿಗೆ ಅವರ ಕೊನೆಯ ಮನೆ. ಪಕ್ಕದ ಮನೆಯವರಿಗೂ ಅದು ಕೊನೆಯ ಮನೆಯೇ. ಅಲ್ಲಿಂದ ಮುಂದೆ ವರ್ಗಾವಣೆಯಿಲ್ಲ. ಆದ್ದರಿಂದ ಅಲ್ಲಿ ಹುಟ್ಟುವ ಕಲಹವು ತಾನಾಗಿ ಮುಗಿಯುವುದಿಲ್ಲ. ಮನುಷ್ಯರೇ ಕೂತು ಮುಗಿಸಬೇಕು. ನಿಯಮವನ್ನು ಹೇಗೆ ಜಾರಿಗೆ ತರಬೇಕೆಂಬ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕಾಗುತ್ತದೆ.

ಕ್ರಯಪತ್ರದೊಳಗಿನ ನಿಯಮ

ನೆಲದ ಪತ್ರದೊಳಗೇ ನಿಯಮವನ್ನು ಬರೆದಿಡುವ ಪದ್ಧತಿ ಹೊಸದಲ್ಲ. ಕನ್ನಡ ನಾಡಿನ ದಾನಶಾಸನಗಳು ದತ್ತಿಯ ಎಲ್ಲೆಯನ್ನು, ಉದ್ದೇಶವನ್ನು, ಕೊಟ್ಟವರ ಮತ್ತು ಪಡೆದವರ ಹೆಸರುಗಳನ್ನು ಕಲ್ಲಿನಲ್ಲಿ ಕಂಡರಿಸಿ, ಧರ್ಮವನ್ನು ಕೆಡಿಸಿದವರಿಗೆ ತಗಲುವ ಪಾಪವನ್ನೂ ಬಹಿರಂಗವಾಗಿ ಸಾರಿವೆ. ಆಧುನಿಕ ಕಾನೂನಿನಲ್ಲಿ ಈ ವಿಚಾರಕ್ಕೆ ಮೂಲವೆಂದು ಎಣಿಸಲಾಗುವುದು 1848ರ ಟಲ್ಕ್ ಮತ್ತು ಮಾಕ್ಸ್‌ಹೇ ವ್ಯಾಜ್ಯ. ಲಂಡನ್ನಿನ ಲೆಸ್ಟರ್ ಚೌಕದ ಉದ್ಯಾನವನ್ನು ಬಯಲಾಗಿಯೇ ಉಳಿಸಬೇಕೆಂಬ ಕರಾರು, ಅದನ್ನು ತಿಳಿದೂ ಆ ನೆಲವನ್ನು ಅನಂತರ ಕೊಂಡವನನ್ನು ಕೂಡ ಬಂಧಿಸುತ್ತದೆ ಎಂದು ನ್ಯಾಯಾಲಯ ಹೇಳಿತು. ಭಾರತದ 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 40ನೆಯ ಪ್ರಕರಣ ಇದೇ ತತ್ತ್ವವನ್ನು ಒಳಗೊಂಡಿದೆ.

ಕರ್ನಾಟಕದಲ್ಲಿ ಇದರ ರೂಪಗಳು ಹಲವು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1984ರ ಹಂಚಿಕೆ ನಿಯಮಗಳ ಪ್ರಕಾರ ನಿವೇಶನ ಪಡೆದವನು ಹತ್ತು ವರ್ಷಗಳ ಕಾಲ ಷರತ್ತಿಗೊಳಪಟ್ಟ ಗುತ್ತಿಗೆದಾರನಂತಿದ್ದು, ಅನಂತರವೇ ಪೂರ್ಣ ಕ್ರಯಪತ್ರ ಪಡೆಯುತ್ತಿದ್ದನು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮವು ಘೋಷಣಾ ಪತ್ರವನ್ನೂ ಬೈಲಾಗಳನ್ನೂ ಪ್ರತಿಯೊಬ್ಬ ಒಡೆಯನೂ ಪಾಲಿಸಬೇಕೆಂದು ವಿಧಿಸಿದೆ. ಪಾಲಿಸದಿದ್ದಲ್ಲಿ ದಾವೆ ಹೂಡುವ ಅಧಿಕಾರವನ್ನು ಸಂಘದ ಪರವಾಗಿ ಆಡಳಿತ ಮಂಡಳಿಗೂ, ತಕ್ಕ ಸಂದರ್ಭದಲ್ಲಿ ಬಾಧಿತನಾದ ಒಡೆಯನಿಗೂ ಕೊಟ್ಟಿದೆ. ಈ ಎರಡು ಪಕ್ಷಗಳಿಗೂ ಹೆಸರಿದೆ ಎಂಬುದು ಗಮನಾರ್ಹ. ಲೆಸ್ಟರ್ ಚೌಕದ ಟಲ್ಕ್ ಕೂಡ ತನ್ನ ಹೆಸರಿನಲ್ಲಿಯೇ ನ್ಯಾಯಾಲಯದ ಮೆಟ್ಟಿಲೇರಿದವನು. ಕಾನೂನಿನ ಕಲ್ಪನೆಯಲ್ಲಿ ಕರಾರನ್ನು ಜಾರಿಗೆ ತರುವವನು ಎದುರಿಗೆ ನಿಂತು ಕೇಳುವವನೇ ಹೊರತು ಮರೆಯಲ್ಲಿ ನಿಂತವನಲ್ಲ.

ನಿವೃತ್ತರಿಗಾಗಿಯೇ ಪತ್ರನಿಯಮಗಳಿಂದ ಕಟ್ಟಿದ ವಸತಿಗಳು ದೊಡ್ಡ ಪ್ರಮಾಣದಲ್ಲಿ ಬೆಳೆದುದು ಅಮೆರಿಕದಲ್ಲಿ. ಅರಿಜೋನಾ ರಾಜ್ಯದ ಸನ್ ಸಿಟಿ 1960ರ ಜನವರಿ 1ರಂದು ಆರಂಭವಾಯಿತು. ಫ್ಲಾರಿಡಾದ ‘ದಿ ವಿಲೇಜಸ್’ ಪ್ರದೇಶದ ಜನಸಂಖ್ಯೆ 2020ರ ಗಣತಿಯ ವೇಳೆಗೆ ಸುಮಾರು 1 ಲಕ್ಷ 30 ಸಾವಿರವನ್ನು ಮುಟ್ಟಿ, ಹಿಂದಿನ ದಶಕದಲ್ಲಿ ಆ ದೇಶದಲ್ಲಿಯೇ ಅತಿ ವೇಗವಾಗಿ ಬೆಳೆದ ನಗರ ಪ್ರದೇಶವೆನಿಸಿತು. 1995ರ ಒಂದು ಕೇಂದ್ರ ಕಾನೂನಿನ ಪ್ರಕಾರ, ನೂರು ಮನೆಗಳಲ್ಲಿ ಎಂಬತ್ತರಲ್ಲಿಯಾದರೂ 55 ವರ್ಷ ದಾಟಿದ ಒಬ್ಬರಿದ್ದರೆ ಅಂತಹ ವಸತಿ ಹಿರಿಯರದೆಂಬ ರಕ್ಷಣೆ ಪಡೆಯುತ್ತದೆ. ಗೋಡೆಯ ಬಣ್ಣ, ಬೇಲಿಯ ಎತ್ತರ, ಅಂಗಳದ ಹುಲ್ಲು, ಮನೆಯ ಮುಂದಿನ ಅಲಂಕಾರ, ಮೊಮ್ಮಕ್ಕಳು ತಂಗಬಹುದಾದ ದಿನಗಳು, ಇವೆಲ್ಲವೂ ಇಂತಹ ಪತ್ರಗಳ ವ್ಯಾಪ್ತಿಗೆ ಬರುತ್ತವೆ. ಭಾರತದಲ್ಲಿಯೂ ಬೆಂಗಳೂರು, ಮೈಸೂರು, ಕೊಯಮತ್ತೂರು ಮೊದಲಾದೆಡೆ ಹಿರಿಯರ ವಸತಿಗಳು ಬೆಳೆದಿವೆ. ಅವುಗಳಿಗಾಗಿ ಕೇಂದ್ರದ ವಸತಿ ಮಂತ್ರಾಲಯ 2019ರಲ್ಲಿ ಮಾದರಿ ಮಾರ್ಗಸೂಚಿಯನ್ನು ಪ್ರಕಟಿಸಿದೆ.

ನಿಯಮವಿರುವುದು ತಪ್ಪಲ್ಲ. ವೃದ್ಧಾಪ್ಯದಲ್ಲಿ ನಿಶ್ಶಬ್ದ ಬೇಕು, ಎಡವದ ದಾರಿ ಬೇಕು, ಕೂಡಿಟ್ಟ ಹಣ ಹಾಕಿ ಕೊಂಡ ಮನೆಯ ಬೆಲೆ ಉಳಿಯಬೇಕು. ನಿಯಮವೆಂದರೆ ನೆರೆಯವರು ಪರಸ್ಪರ ಕೊಟ್ಟುಕೊಂಡ ಮಾತು. ಮಾತು ತಪ್ಪಿದವನನ್ನು ಯಾರು ಕೇಳಬೇಕು, ಹೇಗೆ ಕೇಳಬೇಕು ಎಂಬಲ್ಲಿ ತೊಡಕು ಆರಂಭವಾಗುತ್ತದೆ.

ದೂರು ಬಂದರೆ ಮಾತ್ರ ಕಣ್ಣು ತೆರೆಯುವ ಆಡಳಿತ

ಅನೇಕ ವಸತಿಗಳಲ್ಲಿ ಆಡಳಿತವು ತಾನಾಗಿ ಬೀದಿ ಸುತ್ತುವುದಿಲ್ಲ. ದೂರು ಬಂದರೆ ಮಾತ್ರ ಪರಿಶೀಲಿಸುತ್ತದೆ. ದಿ ವಿಲೇಜಸ್‌ನಲ್ಲಿಯೂ ದೂರನ್ನೇ ಆಧರಿಸಿದ ಪದ್ಧತಿ ಬಹುಕಾಲ ನಡೆದು, ಹೆಸರಿಲ್ಲದ ದೂರನ್ನೂ ಸ್ವೀಕರಿಸುವ ಕ್ರಮ ತೀವ್ರ ವಿವಾದಕ್ಕೆ ಗುರಿಯಾಯಿತು. ಅಂಗಳದ ಅಲಂಕಾರ ವಸ್ತುಗಳನ್ನು ನಿಷೇಧಿಸುವ ನಿಯಮದಡಿ ಮನೆಯ ಮುಂದಿನ ಪುಟ್ಟ ಬಿಳಿ ಶಿಲುಬೆಯೂ ದೂರಿಗೆ ಒಳಗಾದುದು ಅಲ್ಲಿಯ ಜನರನ್ನು ಎರಡು ಪಾಳೆಯವಾಗಿಸಿತು. ಮನೆಯ ಮುಂದೆ ರಂಗೋಲಿ, ಬಾಗಿಲಿಗೆ ತೋರಣ, ಮೊಗಸಾಲೆಯಲ್ಲಿ ತುಳಸಿಯ ಕುಂಡ ಇರುವ ನಾಡಿನಲ್ಲಿ ಈ ಪ್ರಸಂಗದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪದ್ಧತಿಯ ದೋಷವನ್ನು ವ್ಯಾಪಾರದ ಒಂದು ಉದಾಹರಣೆಯಿಂದ ಅರಿಯಬಹುದು. ಒಂದು ಪೇಟೆಯಲ್ಲಿ ನೂರು ಅಂಗಡಿಗಳಿದ್ದು, ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರು ಯಾರ ಮೇಲೆ ಕಾಗದ ಬಂದಿದೆಯೋ ಅವರ ತಕ್ಕಡಿಯನ್ನು ಮಾತ್ರ ಪರೀಕ್ಷಿಸುವನೆಂದು ಭಾವಿಸಬಹುದು. ಹಿಡಿದ ತಕ್ಕಡಿ ನಿಜವಾಗಿಯೂ ದೋಷಯುಕ್ತವಾಗಿರಬಹುದು, ದಂಡವೂ ನ್ಯಾಯವಾಗಿರಬಹುದು. ಆದರೆ ಪೇಟೆಯವರು ಕಲಿಯುವ ಪಾಠ ತಕ್ಕಡಿಯನ್ನು ನೆಟ್ಟಗಿಡಬೇಕೆಂಬುದಲ್ಲ, ವೈರಿಯನ್ನು ಮಾಡಿಕೊಳ್ಳಬಾರದೆಂಬುದು. ಬಲವಂತನಿಗೆ ಯಾರೂ ಕಾಗದ ಬರೆಯುವುದಿಲ್ಲ. ಹೊಸದಾಗಿ ಬಂದವನಿಗೆ, ಒಬ್ಬಂಟಿಯಾದ ವಿಧವೆಗೆ, ಬೇರೆ ಭಾಷೆಯವನಿಗೆ, ಕಳೆದ ಚುನಾವಣೆಯಲ್ಲಿ ಎದುರು ನಿಂತವನಿಗೆ ಬರೆಯುತ್ತಾರೆ. ಕಾಗದದ ಮೇಲೆ ಎಲ್ಲರಿಗೂ ಒಂದೇ ಆದ ನಿಯಮ, ಜಾರಿಯಲ್ಲಿ ಕೆಲವರಿಗೆ ಮಾತ್ರ ನಿಯಮವಾಗುತ್ತದೆ.

ಇನ್ನೊಂದು ದೋಷ ಇದಕ್ಕಿಂತ ಸೂಕ್ಷ್ಮವಾದುದು. ಪತ್ರ ಬಂದ ದಿನದಿಂದ ದೂರಿಗೊಳಗಾದವರು ಎಲ್ಲ ನೆರೆಯವರನ್ನೂ ಸಂಶಯದಿಂದ ನೋಡತೊಡಗುತ್ತಾರೆ. ಬರೆದವನು ಒಬ್ಬ, ಶಂಕೆಗೊಳಗಾದವರು ಇಪ್ಪತ್ತು ಮನೆಯವರು. ಬೆಳಗಿನ ವಾಯುಸಂಚಾರದಲ್ಲಿ ಜೊತೆಯಾಗುತ್ತಿದ್ದವರು ಬೇರೆ ದಾರಿ ಹಿಡಿಯುತ್ತಾರೆ. ರಾತ್ರಿ ಎದೆನೋವು ಬಂದರೆ ಯಾರ ಬಾಗಿಲು ತಟ್ಟಬೇಕೆಂಬ ಭರವಸೆಯಿಂದ ಆ ವಸತಿಯನ್ನು ಸೇರಿದ್ದರೋ ಆ ಭರವಸೆಯೇ ಕುಸಿಯುತ್ತದೆ. ಒಂದು ತುಳಸಿಯ ಕುಂಡವನ್ನು ಸರಿಸಿದ ಲಾಭಕ್ಕೆ ಇಷ್ಟು ನಷ್ಟವನ್ನು ಯಾವ ಲೆಕ್ಕಿಗನೂ ಸರಿಯಾದ ವ್ಯವಹಾರವೆನ್ನಲಾರ.

ಕರುಣೆಯಿಲ್ಲದೆ ನಿಯಮವನ್ನು ಹಿಡಿದರೆ ನಿಯಮವೇ ಕುಸಿಯುವ ಸಂಭವವೂ ಉಂಟು. ಅರಿಜೋನಾದ ಯಂಗ್‌ಟೌನ್ ಎಂಬ ಹಿರಿಯರ ಪಟ್ಟಣದಲ್ಲಿ, ಆಶ್ರಯ ಬೇಡಿ ಬಂದ ಹದಿಹರೆಯದ ಮೊಮ್ಮಗನನ್ನು ಇರಿಸಿಕೊಂಡ ಅಜ್ಜ ಅಜ್ಜಿಯರ ಮೇಲೆ ವಯೋನಿರ್ಬಂಧದ ಕ್ರಮ ಜರುಗಿತು. ಆ ವಿವಾದದ ಪರಿಣಾಮವಾಗಿ ನಡೆದ ಪರಿಶೀಲನೆಯಲ್ಲಿ ನಿರ್ಬಂಧವೇ ಕ್ರಮಬದ್ಧವಾಗಿ ಜಾರಿಯಾಗಿರಲಿಲ್ಲವೆಂದು ತಿಳಿದುಬಂದು, 1998ರಲ್ಲಿ ಅದು ರದ್ದಾಯಿತು.

ಅಂಜುವವರ ಪರವಾದ ವಾದ

ಮೂಗರ್ಜಿಯ ಪರವಾಗಿಯೂ ಒಂದು ಬಲವಾದ ವಾದವಿದೆ. ಅದನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಎಂಬತ್ತು ವರ್ಷದ ಒಬ್ಬಂಟಿ ವೃದ್ಧೆ, ಮೇಲಿನ ಮನೆಯ ಒರಟ ಮನುಷ್ಯನ ಮೇಲೆ ಹೆಸರು ಹಾಕಿ ದೂರು ಕೊಟ್ಟು, ಅದೇ ಲಿಫ್ಟಿನಲ್ಲಿ ಪ್ರತಿದಿನ ಅವನ ಜೊತೆ ಇಳಿಯಬೇಕು. ವೃದ್ಧಾಶ್ರಮದ ನಿವಾಸಿಯು ಅಡುಗೆಯವನ ಮೇಲೆ ಬರೆದು, ಮತ್ತೆ ಅವನ ಕೈಯ ಊಟವನ್ನೇ ಉಣ್ಣಬೇಕು. ಇಂತಹವರಿಗೆ ‘ಧೈರ್ಯವಾಗಿ ಹೆಸರು ಹೇಳಿ’ ಎನ್ನುವುದು ಸುಲಭ. ಹೇಳಿದ ಮೇಲೆ ಅವರನ್ನು ಕಾಯುವವರು ಯಾರು?

ಸಾರ್ವಜನಿಕ ಆಡಳಿತವು ಈ ಪ್ರಶ್ನೆಯನ್ನು ಬಹುಕಾಲದಿಂದ ಎದುರಿಸಿದೆ. ಸುಮಾರು ಕ್ರಿ. ಶ. 112ರಲ್ಲಿ ರೋಮಿನ ಚಕ್ರವರ್ತಿ ಟ್ರಾಜನ್, ತನ್ನ ಪ್ರಾಂತಾಧಿಕಾರಿ ಪ್ಲಿನಿಗೆ ಬರೆದ ಪತ್ರದಲ್ಲಿ, ಹೆಸರಿಲ್ಲದ ಆಪಾದನೆಗಳಿಗೆ ಯಾವ ವಿಚಾರಣೆಯಲ್ಲಿಯೂ ಸ್ಥಾನವಿರಕೂಡದೆಂದು ಸೂಚಿಸಿದನು. ಭಾರತದಲ್ಲಿ ಕೇಂದ್ರ ಜಾಗೃತ ಆಯೋಗವು 1999ರ ಜೂನ್ 29ರ ಸುತ್ತೋಲೆಯಿಂದ ಮೂಗರ್ಜಿಗಳ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಬಾರದೆಂದು ಆದೇಶಿಸಿತು. 2002ರಲ್ಲಿ, ಪರಿಶೀಲಿಸಬಹುದಾದ ವಿವರಗಳಿದ್ದರೆ ಆಯೋಗದ ಒಪ್ಪಿಗೆ ಪಡೆದು ವಿಚಾರಿಸಬಹುದೆಂದು ಸಡಿಲಿಸಿತು. 2014ರಲ್ಲಿ ಮತ್ತೆ ಹಿಂದಿನ ಬಿಗಿಯಾದ ನಿಲುವಿಗೇ ಬಂದಿತು. ಈ ಹೋಗುಬರುವಿಕೆಯೇ ಪ್ರಶ್ನೆಯ ಕಠಿಣತೆಗೆ ಸಾಕ್ಷಿ. ಕರ್ನಾಟಕದಲ್ಲಿ 1984ರ ಲೋಕಾಯುಕ್ತ ಅಧಿನಿಯಮವು ದೂರಿನ ಜೊತೆಗೆ ಪ್ರಮಾಣಪತ್ರ ಇರಬೇಕೆಂದು ವಿಧಿಸಿದೆ. ಫ್ಲಾರಿಡಾ ರಾಜ್ಯವು 2021ರಲ್ಲಿ ಮಾಡಿದ ಕಾನೂನು, ಜಿಲ್ಲಾ ಮತ್ತು ನಗರಾಡಳಿತಗಳ ನಿಯಮಪಾಲನಾ ಅಧಿಕಾರಿಗಳು ಹೆಸರು ವಿಳಾಸಗಳಿಲ್ಲದ ದೂರಿನ ಮೇಲೆ ತನಿಖೆ ಆರಂಭಿಸಕೂಡದೆಂದಿದೆ. ಸಾರ್ವಜನಿಕ ಆರೋಗ್ಯ ಮತ್ತು ಸುರಕ್ಷತೆಗೆ ಸನ್ನಿಹಿತವಾದ ಅಪಾಯವಿದ್ದಲ್ಲಿ ವಿನಾಯಿತಿ ಕೊಟ್ಟಿದೆ. ಖಾಸಗಿ ಕರಾರುಗಳ ವಸತಿಗಳು ಆ ಕಾನೂನಿನ ನೇರ ವ್ಯಾಪ್ತಿಗೆ ಸೇರದಿದ್ದರೂ, ಅದರ ವಿವೇಕ ಅವುಗಳಿಗೂ ಸಲ್ಲುವಂತಹುದು.

ಎಲ್ಲಕ್ಕಿಂತ ಮುಖ್ಯವಾದ ಪಾಠ ಇಂಜಿನಿಯರ್ ಸತ್ಯೇಂದ್ರ ದುಬೆ ಅವರ ಪ್ರಕರಣದಲ್ಲಿದೆ. ಹೆದ್ದಾರಿ ಕಾಮಗಾರಿಯ ಅಕ್ರಮಗಳನ್ನು ಕುರಿತು ಅವರು ಪ್ರಧಾನ ಮಂತ್ರಿಗಳ ಕಚೇರಿಗೆ ಬರೆದರು. ತಮ್ಮ ಹೆಸರನ್ನು ಗುಪ್ತವಾಗಿಡಬೇಕೆಂದು ಕೋರಿದ್ದರು. ಆ ಗೋಪ್ಯತೆ ಉಳಿಯಲಿಲ್ಲ. 2003ರ ನವೆಂಬರ್ 27ರಂದು ಅವರು ಗಯಾದಲ್ಲಿ ಹತ್ಯೆಗೊಳಗಾದರು. ಹತ್ಯೆಯ ಉದ್ದೇಶ ದರೋಡೆಯೆಂದು ತನಿಖೆ ಹೇಳಿದರೂ, ಹೆಸರು ಬಯಲಾದುದರ ಬಗೆಗಿನ ಕಳವಳ ದೇಶವನ್ನು ಕಲಕಿತು. ಅದರ ಹಿನ್ನೆಲೆಯಲ್ಲಿ 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿರ್ಣಯದಲ್ಲಿ ಎರಡು ಅಂಶಗಳು ಒಟ್ಟಿಗೆ ಇವೆ. ದೂರುದಾರನು ತನ್ನ ಹೆಸರನ್ನು ಆಯೋಗಕ್ಕೆ ತಿಳಿಸಲೇಬೇಕು. ಆಯೋಗವು ಆ ಹೆಸರನ್ನು ಗುಪ್ತವಾಗಿಡಲೇಬೇಕು.

ವಿವಾದದ ಗಂಟು ಬಿಚ್ಚುವುದು ಇಲ್ಲಿಯೇ. ಹೆಸರನ್ನು ಗುಪ್ತವಾಗಿಡುವುದು ಬೇರೆ, ಹೆಸರೇ ಇಲ್ಲದಿರುವುದು ಬೇರೆ. ಮೊದಲನೆಯದರಲ್ಲಿ ದೂರಿಗೆ ಒಬ್ಬ ಹೊಣೆಗಾರನಿದ್ದಾನೆ. ಅವನನ್ನು ಮರಳಿ ಪ್ರಶ್ನಿಸಬಹುದು, ದ್ವೇಷದಿಂದ ಬರೆದಿದ್ದರೆ ಗುರುತಿಸಬಹುದು, ನಿಜವಾಗಿದ್ದರೆ ರಕ್ಷಿಸಬಹುದು. ಎರಡನೆಯದರಲ್ಲಿ ಹೊಣೆಯೂ ಇಲ್ಲ, ರಕ್ಷಣೆಯೂ ಇಲ್ಲ. ವೋಚರ್ ಇಲ್ಲದ ಖರ್ಚನ್ನು ಯಾವ ಲೆಕ್ಕಪರಿಶೋಧಕನೂ ಮಾನ್ಯ ಮಾಡುವುದಿಲ್ಲ. ಆದರೆ ಗ್ರಾಹಕನ ವೋಚರನ್ನು ಅಂಗಡಿಯ ಬಾಗಿಲಿಗೆ ಅಂಟಿಸಬೇಕೆಂದೂ ಯಾರೂ ಹೇಳುವುದಿಲ್ಲ. ಅಂಜುವವರಿಗೆ ಬೇಕಾದುದು ಹೆಸರನ್ನು ನಂಬಿ ಒಪ್ಪಿಸಬಹುದಾದ ಒಂದು ಕೈ. ಹಲವು ವಸತಿಗಳಲ್ಲಿ ಮೂಗರ್ಜಿಗಳು ಹೆಚ್ಚಾಗಿದ್ದರೆ ಅದಕ್ಕೆ ಬರೆಯುವವರ ಹೇಡಿತನವೊಂದೇ ಕಾರಣವಲ್ಲ. ಮಂಡಳಿಗೆ ಹೇಳಿದ ಮಾತು ಸಂಜೆಯೊಳಗೆ ಬೀದಿಗೆ ಬರುತ್ತದೆಂಬ ಅನುಭವವೂ ಕಾರಣ.

ಮಾತಿನ ವ್ರತ ಮತ್ತು ಮರೆಮಾಚುವ ದೋಷ

ಶ್ರಾವಕಾಚಾರವು ಈ ವಿಷಯದಲ್ಲಿ ಮೌನವಾಗಿಲ್ಲ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಪರಿವಾದ, ರಹೋಭ್ಯಾಖ್ಯಾನ, ಪೈಶುನ್ಯ, ಕೂಟಲೇಖ, ನ್ಯಾಸಾಪಹಾರ ಎಂಬ ಐದನ್ನು ಹೇಳಿದ್ದಾರೆ. ನಿಂದೆ, ಪರರ ಗುಟ್ಟನ್ನು ಬಯಲು ಮಾಡುವುದು, ಚಾಡಿ, ಕಪಟ ಬರಹ ಎಂಬ ಮೊದಲಿನ ನಾಲ್ಕೂ ಒಂದೇ ಮೂಗರ್ಜಿಯಲ್ಲಿ ಕೂಡಿ ಬರಬಲ್ಲವು ಎಂಬುದು ಆಶ್ಚರ್ಯಕರವಾದರೂ ಸತ್ಯ. ಇನ್ನೊಬ್ಬರಿಗೆ ವಿಪತ್ತನ್ನು ತರುವುದಾದರೆ ನಿಜವನ್ನೂ ಆಡದಿರುವುದು ಆ ವ್ರತದ ವ್ಯಾಪ್ತಿಗೆ ಸೇರಿದೆ. ಆದ್ದರಿಂದ ‘ಬರೆದುದೆಲ್ಲ ನಿಜವೇ ತಾನೆ’ ಎಂಬ ಸಮರ್ಥನೆ ಪೂರ್ಣವಾದ ಸಮರ್ಥನೆಯಲ್ಲ. ಯಾವ ಉದ್ದೇಶದಿಂದ, ಯಾರಿಗೆ, ಯಾವ ಬಗೆಯಲ್ಲಿ ಹೇಳಲಾಯಿತು ಎಂಬುದೂ ಸತ್ಯದ ಅಂಗವೇ.

ಇಲ್ಲಿ ಎಚ್ಚರಿಕೆಯ ಒಂದು ಮಾತು ಅಗತ್ಯ. ಸಮ್ಯಗ್ದರ್ಶನದ ಅಂಗವಾದ ಉಪಗೂಹನವನ್ನು, ಎಂದರೆ ಪರರ ದೋಷವನ್ನು ಮುಚ್ಚುವ ಗುಣವನ್ನು, ಸಂಸ್ಥೆಗಳ ಅಕ್ರಮ ಮುಚ್ಚುವ ಪರದೆಯಾಗಿ ಬಳಸುವುದುಂಟು. ಲೆಕ್ಕ ಕೇಳಿದವನಿಗೆ ‘ಸಮಾಜದ ಮರ್ಯಾದೆ ಹೋಗುತ್ತದೆ’ ಎಂಬ ಉತ್ತರ ಕೊಡುವುದು ಉಪಗೂಹನವಲ್ಲ. ಆ ಅಂಗಕ್ಕೆ ದೃಷ್ಟಾಂತವಾದ ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯೇ ಇದನ್ನು ಸ್ಪಷ್ಟಪಡಿಸುತ್ತದೆ. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನು ಪಾರ್ಶ್ವನಾಥನ ಬಿಂಬದ ಮೇಲಣ ಛತ್ರದ ರತ್ನವನ್ನು ಕದ್ದು ಓಡುವಾಗ ಕಾವಲುಗಾರರು ಬೆನ್ನಟ್ಟಿದರು. ಶ್ರೇಷ್ಠಿಯು, ತಾನೇ ತರಹೇಳಿದ್ದೆನೆಂದು ನುಡಿದು ಧರ್ಮಕ್ಕೆ ಬರಲಿದ್ದ ಅಪವಾದವನ್ನು ತಪ್ಪಿಸಿದನು. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ರತ್ನ ಮರಳಿ ಬಂದಿತು. ಕಳ್ಳನನ್ನು ಏಕಾಂತದಲ್ಲಿ ಎದುರಿಗೆ ನಿಲ್ಲಿಸಿ, ಖಂಡಿಸಿ, ಹೊರಗೆ ಕಳುಹಿಸಲಾಯಿತು. ಜನರ ಮುಂದೆ ಮಾನವನ್ನು ಕಾಯುವುದು, ಎದುರಿಗೆ ದೋಷವನ್ನು ಹೇಳುವುದು, ಈ ಎರಡೂ ಸೇರಿ ಉಪಗೂಹನ. ಮೂಗರ್ಜಿಯು ಇದನ್ನು ತಲೆಕೆಳಗು ಮಾಡುತ್ತದೆ. ಎದುರಿಗೆ ಮೌನ, ಹಿಂದಿನಿಂದ ಆಪಾದನೆ.

ಬಹಿರಂಗವಾಗಿ ಹೆಸರು ಹೇಳಿ ದೂರು ಕೊಟ್ಟ ಒಂದು ಭವ್ಯ ಉದಾಹರಣೆ ಈ ನಾಡಿನ ಇತಿಹಾಸದಲ್ಲಿಯೇ ಇದೆ. ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನದ ಪ್ರಕಾರ, ವೈಷ್ಣವರೊಡನೆ ವಿವಾದ ಬಂದಾಗ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮೊದಲಾದ ಸ್ಥಳಗಳ ಜೈನರು ತಮ್ಮ ನಾಡುಗಳ ಹೆಸರು ಹೇಳಿಕೊಂಡು, ತಮಗಾದ ಅನ್ಯಾಯವನ್ನು ಅರಸನಿಗೆ ಬಿನ್ನವಿಸಿದರು. ಅವರು ಸಂಖ್ಯೆಯಲ್ಲಿ ಕಡಿಮೆಯಾಗಿದ್ದವರು, ಅಂಜಲು ಕಾರಣವಿದ್ದವರು. ಅರಸನು ಎರಡೂ ಕಡೆಯವರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಭೇದವಿಲ್ಲವೆಂದು ತೀರ್ಮಾನಿಸಿದನು. ಮನೆಮನೆಯಿಂದ ವರ್ಷಕ್ಕೊಂದು ಹಣದಂತೆ ಕೂಡಿಸಿ ಬೆಳಗೊಳದ ದೇವರಿಗೆ ಕಾವಲನ್ನು ನೇಮಿಸುವ, ಉಳಿದುದರಿಂದ ಜೀರ್ಣವಾದ ಬಸದಿಗಳಿಗೆ ಸುಣ್ಣ ಬಳಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ ಒಪ್ಪಿಸಲಾಯಿತು. ಎದುರು ಪಕ್ಷವೇ ಕಾವಲಿನ ಹೊಣೆ ಹೊತ್ತಿತು. ದೂರಿಗೆ ಎರಡು ಮುಖಗಳೂ ಕಾಣುತ್ತಿದ್ದುದರಿಂದಲೇ ಇದು ಸಾಧ್ಯವಾಯಿತು. ಹೆಸರಿಲ್ಲದವನ ಕೈಯನ್ನು ಯಾರ ಕೈಯಲ್ಲಿ ಇಡಲು ಬರುತ್ತದೆ?

ವಿಶ್ವಸ್ತ ಮಂಡಳಿಗಳ ಕರ್ತವ್ಯ

ಹಿರಿಯರ ವಸತಿಗಳನ್ನು, ಯಾತ್ರಿನಿವಾಸಗಳನ್ನು, ಗೃಹಸಂಘಗಳನ್ನು ನಡೆಸುವ ಧರ್ಮದರ್ಶಿಗಳು ಕೆಲವು ಕ್ರಮಗಳನ್ನು ಅಳವಡಿಸಿಕೊಳ್ಳುವುದು ಕಷ್ಟವಲ್ಲ. ಮೊದಲನೆಯದಾಗಿ, ಸಹಿಯಿಲ್ಲದ ಕಾಗದದ ಆಧಾರದ ಮೇಲೆ ಯಾರಿಗೂ ನೋಟೀಸು ಕಳುಹಿಸಬಾರದು, ದಂಡ ವಿಧಿಸಬಾರದು. ಆದರೆ ಬೆಂಕಿ, ಅನಿಲ ಸೋರಿಕೆ, ವೃದ್ಧರ ಮೇಲೆ ಹಿಂಸೆ ಮುಂತಾದ ಅಪಾಯದ ಸುಳಿವು ಅದರಲ್ಲಿದ್ದರೆ ಕೂಡಲೇ ಹೋಗಿ ನೋಡಬೇಕು. ಮೂಗರ್ಜಿಯು ಹೋಗಿ ನೋಡಲು ಕಾರಣವಾಗಬಹುದು, ಶಿಕ್ಷಿಸಲು ಆಧಾರವಾಗಕೂಡದು.

ಎರಡನೆಯದಾಗಿ, ದೂರುಗಳನ್ನು ಕೇಳಲು ಮಂಡಳಿಯ ಹೊರಗಿನ, ಎಲ್ಲರಿಗೂ ಗೌರವಾರ್ಹರಾದ ಒಬ್ಬರನ್ನೋ ಇಬ್ಬರನ್ನೋ ನೇಮಿಸಬೇಕು. ಅವರಲ್ಲಿ ಒಬ್ಬರು ಮಹಿಳೆಯಾಗಿರುವುದು ಒಳಿತು. ಹೆಸರು ಅವರ ಪುಸ್ತಕದಲ್ಲಿ ಮಾತ್ರ ಇರಬೇಕು. ತಾನೇ ಹೇಳಲಾರದವರ ಪರವಾಗಿ ಇನ್ನೊಬ್ಬರು ಸಹಿ ಮಾಡುವುದಕ್ಕೂ ಅವಕಾಶವಿರಬೇಕು. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮವು, ಅಶಕ್ತರಾದ ಹಿರಿಯರ ಪರವಾಗಿ ಅವರು ಅಧಿಕಾರ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ಅರ್ಜಿ ಸಲ್ಲಿಸಬಹುದೆಂದೂ, ನ್ಯಾಯಾಧಿಕರಣವು ತಾನಾಗಿಯೇ ವಿಚಾರಣೆಗೆತ್ತಿಕೊಳ್ಳಬಹುದೆಂದೂ ಹೇಳಿದೆ. ಅಂಜುವವರಿಗೆ ದಾರಿ ಹೇಗೆ ತೆರೆಯಬೇಕೆಂಬುದಕ್ಕೆ ಇದೇ ಮಾದರಿ.

ಮೂರನೆಯದಾಗಿ, ನೋಟೀಸಿಗಿಂತ ಮೊದಲು ಒಬ್ಬ ಮನುಷ್ಯ ಹೋಗಿ ಬಾಗಿಲು ತಟ್ಟಬೇಕು. ಕೊಳಾಯಿಯ ನೀರು ಹರಿದು ಬರುತ್ತಿದೆಯೆಂಬುದು ಅನೇಕ ವೇಳೆ ಆ ಮನೆಯವರಿಗೇ ತಿಳಿದಿರುವುದಿಲ್ಲ. ಮರೆವು ಆವರಿಸುತ್ತಿರುವ ವೃದ್ಧರು ನಿಯಮವನ್ನು ಮುರಿಯುವುದು ಉದ್ಧಟತನದಿಂದಲ್ಲ. ಅವರಿಗೆ ಬೇಕಾದುದು ಸ್ಥಿತಿಕರಣ, ಜಾರುವವರನ್ನು ಹಿಡಿದು ನಿಲ್ಲಿಸುವ ಕೈ. ದಂಡದ ರಸೀದಿ ಅವರಿಗೆ ಯಾವ ಉಪಕಾರವನ್ನೂ ಮಾಡದು.

ನಾಲ್ಕನೆಯದಾಗಿ, ಒಂದು ಮನೆಯ ಮೇಲೆ ದೂರು ಬಂದರೆ ಅದೇ ನಿಯಮದ ದೃಷ್ಟಿಯಿಂದ ಎಲ್ಲ ಮನೆಗಳನ್ನೂ ಪರಿಶೀಲಿಸಬೇಕು. ನೂರರಲ್ಲಿ ಅರುವತ್ತು ಮನೆಗಳು ಅದನ್ನು ಮುರಿದಿದ್ದರೆ ತಪ್ಪು ಮನೆಗಳದಲ್ಲ, ನಿಯಮದ್ದು. ಅದನ್ನು ವಾರ್ಷಿಕ ಸಭೆಯ ಮುಂದಿಟ್ಟು ತಿದ್ದಬೇಕು ಅಥವಾ ತೆಗೆಯಬೇಕು. ಎಲ್ಲ ಬೀದಿಗಳನ್ನೂ ಸುತ್ತಿ ಜಾರಿಗೆ ತರುವಷ್ಟು ಬೆಲೆಯಿಲ್ಲದ ನಿಯಮ, ಒಬ್ಬನ ಮೇಲೆ ಜಾರಿಗೆ ತರುವಷ್ಟು ಬೆಲೆಯುಳ್ಳದ್ದಾಗಲಾರದು. ದೂರು ಕೊಟ್ಟವರಿಗೂ ಏನಾಯಿತೆಂಬ ಉತ್ತರ ಸಲ್ಲಬೇಕು. ಉತ್ತರ ಸಿಗದವರೇ ಮುಂದಿನ ಸಲ ಸಹಿ ಹಾಕದೆ ಬರೆಯುವವರು.

ಕ್ಷಮೆಗೆ ಬೇಕಾದ ಹೆಸರು

ದಶಲಕ್ಷಣ ಪರ್ವದ ಕೊನೆಯಲ್ಲಿ ಕ್ಷಮಾವಣಿ ಬರುತ್ತದೆ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಮಾಡಿದ ಅಪರಾಧಗಳಿಗಾಗಿ ಒಬ್ಬರು ಇನ್ನೊಬ್ಬರ ಮುಂದೆ ಕೈಮುಗಿಯುವ ದಿನವದು. ಹಿರಿಯರ ಒಂದು ವಸತಿಯಲ್ಲಿ ಆ ಸಂಜೆ ಎದುರುಬದುರು ನಿಂತ ಇಬ್ಬರನ್ನು ಕಲ್ಪಿಸಿಕೊಳ್ಳಬಹುದು. ಒಬ್ಬರು ಹೆಸರಿಲ್ಲದೆ ಬರೆದವರು. ಇನ್ನೊಬ್ಬರು ಆ ಬರಹದಿಂದ ನೊಂದವರು. ಬರೆದವರು ಕ್ಷಮೆ ಕೇಳಬೇಕಾದರೆ ತಾವೇ ಬರೆದುದೆಂದು ಹೇಳಬೇಕು. ಹೇಳಲಾರರು. ನೊಂದವರು ಕ್ಷಮಿಸಲು ಸಿದ್ಧರಿದ್ದರೂ ಯಾರನ್ನು ಕ್ಷಮಿಸಬೇಕೆಂದು ಅವರಿಗೆ ತಿಳಿಯದು. ಇಬ್ಬರೂ ವಾಡಿಕೆಯ ಮಾತುಗಳನ್ನಾಡಿ, ಕೈಮುಗಿದು, ತಂತಮ್ಮ ಬಾಗಿಲೊಳಗೆ ಸೇರಿಕೊಳ್ಳುತ್ತಾರೆ. ಖಾತೆ ಮಾತ್ರ ಚುಕ್ತವಾಗದೆ ಮುಂದಿನ ವರ್ಷಕ್ಕೆ ಸಾಗುತ್ತದೆ.

ನೌಕರವಸತಿಯಲ್ಲಾದರೆ ಒಂದು ವರ್ಗಾವಣೆಯ ಆದೇಶ ಬಂದು ಆ ಖಾತೆಯನ್ನು ಮುಚ್ಚುತ್ತಿತ್ತು. ಬ್ಲಫ್‌ನಂತಹ ಊರಿನಿಂದ ನಿವೃತ್ತರಾಗಿ ಬಂದು, ಕೊನೆಯ ಮನೆಯಲ್ಲಿ ನೆಲೆಸಿದವರಿಗೆ ಆ ಆದೇಶ ಇನ್ನು ಬರುವುದಿಲ್ಲ. ಅವರಿಗೆ ಉಳಿದಿರುವುದು ನೆರೆಮನೆಯ ಬಾಗಿಲೊಂದೇ. ಅದನ್ನು ತಟ್ಟಲು ಧೈರ್ಯ ಬೇಕು. ತಟ್ಟಲಾರದವರಿಗೆ ನಂಬಿಕೆಯ ಮಧ್ಯಸ್ಥರು ಬೇಕು. ಆ ಮಧ್ಯಸ್ಥರನ್ನು ಒದಗಿಸುವುದು ವಿಶ್ವಸ್ತ ಮಂಡಳಿಗಳ ಹೊಣೆ.